ಹದಿನೇಳನೇ ಮಹಡಿಯ ಇನಾಮದಾರ

ನಾಯಿ ಹೊಂದಾಣಿಕೆ ಕೇಂದ್ರದಿಂದ ಬಂದಿದ್ದವನು ಹಾಲ್‌ನ ಗೋಡೆಗೆ ಹೋಳಿಗೆಯಷ್ಟಗಲದ ಬಿಲ್ಲೆಯೊಂದನ್ನು ಅಂಟಿಸಿ ಕೈ ಒರೆಸಿಕೊಂಡ.

"ಇದು ಮನೆಗಿವಿ. ಇವತ್ತಿನಿಂದ ಒಂದೂವರೆ ತಿಂಗಳ ನಿಮ್ಮ ಮನಿ ಕೇಳ್ತದ. ನೀವು ಹೆಂಗ ಇರ್ತೀರಿ, ಹಂಗ ಇರ್ರಿ" ಎಂದು ಹೇಳಿ ಹೋದ.

ಅವನು ಲಿಫ್ಟ್ ಹತ್ತಿದ್ದೇ ತಡ, ನೀಲವ್ವ ಸೆರಗು ಸರಿಮಾಡಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಕನ್ಯಾ ನೋಡಲು ಬಂದವರ ಮುಂದೆ ಕೂತ ಹಾಗೆ ಕೂತಳು. ಮಗಳು ಕಸ್ತೂರಿ ಟಿವಿ ಆರಿಸಿದಳು. ಮಗ ಫಕೀರೇಶ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ನಡೆದ. ಮೂವರೂ ಪಿಸುಗುಟ್ಟಿದರು. ನೀಲವ್ವನ ಪಿಸುಮಾತು ಮಾತ್ರ ಪಕ್ಕದ ಮನೆಗೂ ಕೇಳುವಂಥದ್ದು. ಇಪ್ಪತ್ತು ವರ್ಷ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಯಂತ್ರದ ಪಕ್ಕ ದುಡಿದು ಅವಳ ಕಿವಿ ಮುಕ್ಕಾಲು ಮಂದವಾಗಿತ್ತು. ತನ್ನ ದನಿ ತನಗೇ ಕೇಳದವಳು ಅದನ್ನು ಅಳತೆ ಮಾಡಿ ಆಡುವುದಾದರೂ ಹೇಗೆ?

ಹುಬ್ಬಳ್ಳಿಯ ಅವರ ಓಣಿಯನ್ನು ರಸ್ತೆ ನುಂಗಿತ್ತು. ಅದರ ಬದಲಿಗೆ ಸಿಕ್ಕಿದ್ದು ಈ ಗಗನಸಿರಿ ಟವರಿನ ಹದಿನೇಳನೇ ಮಹಡಿಯ ಎರಡು ಕೋಣೆ. ಕಾಂಕ್ರೀಟ್ ಲಾರಿ ಓಡಿಸುವ ಫಕೀರೇಶ ಇದೇ ಟವರಿನ ಪಿಲ್ಲರುಗಳಿಗೆ ಕಾಂಕ್ರೀಟ್ ತಂದು ಸುರಿದವನು. ಈಗ ಅದರ ಲಿಫ್ಟಿನಲ್ಲಿ ಅವನನ್ನು ನೋಡಿದವರು ಮೂಗು ಒಂದಿಷ್ಟು ಮೇಲೆತ್ತುತ್ತಿದ್ದರು. ಗೋಡೆಯ ಮೇಲೆ 'ನಾಯಿಗಳು ಮತ್ತು ಕೆಲಸದವರು ಸರ್ವಿಸ್ ಲಿಫ್ಟ್ ಬಳಸಬೇಕು' ಎಂದು ಬರೆದಿತ್ತು. ಎಂಟನೇ ತರಗತಿಗೆ ಶಾಲೆ ಬಿಟ್ಟಿದ್ದರೂ ಆ ಸಾಲನ್ನು ಓದಲು ಅವನಿಗೆ ಯಾರ ಸಹಾಯವೂ ಬೇಕಿರಲಿಲ್ಲ.

ನಾಯಿಯ ಮಾತು ಎದ್ದದ್ದು ನೀಲವ್ವನ ಕಿವಿಯಿಂದಲೇ. ಟವರಿನಲ್ಲಿ ಬೆಂಕಿಯ ತಾಲೀಮು ನಡೆದ ದಿನ ಗಂಟೆ ಹೊಡೆದು ಇಡೀ ಟವರು ಕೆಳಗಿಳಿದರೆ, ನೀಲವ್ವ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ನಿಜವಾಗಿ ಬೆಂಕಿ ಬಿದ್ದಿದ್ದರೆ? ಮಕ್ಕಳಿಬ್ಬರೂ ಕೆಲಸಕ್ಕೆ ಹೋಗುವವರು. ಅಸೋಸಿಯೇಷನ್ನಿನ ಸೆಕ್ರೆಟರಿ ಕುಬಸದ ಸಾಹೇಬರು ಬಂದು, "ಒಂದು ಇವರನ್ನ ಒಬ್ಬರನ್ನೇ ಬಿಡಬ್ಯಾಡ್ರಿ, ಇಲ್ಲಾ ಗಂಟಿ ಆದ್ರ ಮುಟ್ಟಿ ಎಬ್ಬಿಸಾಕ ಕೇಂದ್ರದಿಂದ ಒಂದು ಶ್ರುತಿನಾಯಿ ತರ್ರಿ" ಎಂದು ತೀರ್ಪು ಕೊಟ್ಟು ಹೋದರು.

ಶ್ರುತಿನಾಯಿ ಎಂದರೆ ಇಷ್ಟೇ. ನಾಯಿಮರಿ ಹುಟ್ಟಿದಾಗ ಅದರ ಕಣ್ಣೂ ಮುಚ್ಚಿರುತ್ತದೆ, ಕಿವಿಯೂ ಮುಚ್ಚಿರುತ್ತದೆ. ಎರಡು ಮೂರು ವಾರಕ್ಕೆ ಕಿವಿ ತೆರೆಯುತ್ತದೆ. ಅಲ್ಲಿಂದ ಕೆಲವು ವಾರ ಅದು ಏನು ಕೇಳುತ್ತದೋ ಅದೇ ಅದಕ್ಕೆ ಜಗತ್ತು. ಆಮೇಲೆ ಕಿವಿಗೆ ಬಿದ್ದ ಹೊಸದೆಲ್ಲ ಅಪಾಯ. ಕೇಂದ್ರದವರು ಈ ಕೆಲವು ವಾರಗಳನ್ನೇ ಹಿಡಿದುಕೊಂಡಿದ್ದರು. ಮನೆಗಿವಿ ಹಿಡಿದ ಸದ್ದನ್ನು ದಿನದಿನವೂ ತರಿಸಿಕೊಂಡು, ಆ ಮನೆಗೆ ತಕ್ಕ ತಳಿ ಯಾವುದೆಂದು ಮೊದಲು ತೀರ್ಮಾನಿಸಿ, ಆ ತಳಿಯ ಮರಿಯೊಂದಕ್ಕೆ ಅದೇ ಸದ್ದನ್ನು ಕೇಳಿಸುತ್ತಾ ಬೆಳೆಸುವರು. ಅದಕ್ಕೆ ಮನೆಯ ಶ್ರುತಿ ಹಿಡಿಸುವುದು ಎಂದು ಹೆಸರು. ಮನೆಯವರ ಗುಟ್ಟು ಬಯಲಾಗಬಾರದೆಂದು ಮಾತಿನೊಳಗಿನ ಪದಗಳನ್ನು ಯಂತ್ರ ಅಳಿಸಿಬಿಡುತ್ತಿತ್ತು. ಉಳಿಯುವುದು ದನಿಯ ಏರಿಳಿತ ಮಾತ್ರ. ಹೀಗೆ ಬೆಳೆದ ಮರಿ ಫ್ಲ್ಯಾಟಿಗೆ ಬಂದ ದಿನವೇ ಹುಟ್ಟಿದ ಮನೆಯಲ್ಲಿದ್ದಂತೆ ಕಾಲು ಚಾಚುತ್ತದೆ, ಸುಮ್ಮಸುಮ್ಮನೆ ಬೊಗಳುವುದಿಲ್ಲ ಎಂಬುದು ಲೆಕ್ಕಾಚಾರ.

ಗೋಡೆಯ ಕಿವಿಗೆ ಮರ್ಯಾದೆ ಸಿಕ್ಕಿದ್ದು ಎರಡೇ ದಿನ. ಮೂರನೆಯ ದಿನ ಬೆಳಗ್ಗೆ ಮಿಕ್ಸರ್ ತಿರುಗಿತು, ಕುಕ್ಕರ್ ಕೂಗಿತು, ಸಂಜೆ ಜಗಳ ಶುರುವಾಯಿತು. ಜಗಳ ಎಂಥ ನಾಯಿ ತರಬೇಕೆಂಬುದರ ಮೇಲೆ.

"ರಾಟ್‌ವೀಲರ್ ತರೂದು" ಎಂದ ಫಕೀರೇಶ. "ಲಿಫ್ಟ್‌ನ್ಯಾಗ ಒಬ್ಬ ಮಗಾ ಮೂಗು ಏರಿಸಬಾರದು ನೋಡು."

"ನಿನ್ನ ಸಿಟ್ಟಿಗೆ ನಾಯಿ ತರೂದೇನಲೇ?" ಕಸ್ತೂರಿ ನಕ್ಕಳು. ಅವಳದು ಬ್ಯೂಟಿ ಪಾರ್ಲರಿನ ಕೆಲಸ. "ಸಣ್ಣದು, ಬಿಳೇದು, ಮೈತುಂಬ ಕೂದಲಿದ್ದದ್ದು ತರೂಣು. ಕುಬಸದ ಅವರ ಮನ್ಯಾಗ ಐತೆಲ್ಲಾ, ಗೊಂಬಿ ಇದ್ದಂಗ."

"ಅದು ನಾಯಿ ಅಲ್ಲ, ಅದು ತೆಲಿದಿಂಬ!"

"ಏನಂದಿ?" ನೀಲವ್ವ ಅಡುಗೆಮನೆಯಿಂದ ಕೂಗಿದಳು.

"ತೆಲಿದಿಂಬ ಅಂದೆ ಯವ್ವಾ!"

"ತೆಲಿದಿಂಬ ಯಾಕ ಬೇಕು? ಐತೆಲ್ಲ! ನಾಯಿ ಬೇಕಂದ್ರ ನಮ್ಮ ಓಣ್ಯಾಗಿನ ಕೆಂಚನ್ನ ಹುಡುಕ್ಕೊಂಡ ಬಾರೋ!"

ಮೂರೂ ದನಿ ಒಟ್ಟಿಗೆ ಏರಿದವು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಲಾರಿ ಇಳಿದು ಬಂದ ಫಕೀರೇಶ ಊಟಕ್ಕೆ ಕೂತ ತಕ್ಷಣ ಯಾರಾದರೊಬ್ಬರು ಕಡ್ಡಿ ಗೀರುತ್ತಿದ್ದರು. ಜಗಳ ಮುಗಿಯುವುದು ನೀಲವ್ವನ ಉದ್ದನೆಯ "ಏ...ಏ... ಸಾಕ್ ಬಿಡ್ರೋ!" ಎಂಬ ಕೂಗಿನಿಂದ. ಆಮೇಲೆ ಮೂವರೂ ನಕ್ಕು ರೊಟ್ಟಿ ಮುರಿಯುತ್ತಿದ್ದರು. ಗೋಡೆಯ ಮೇಲೊಂದು ಕಿವಿ ಇದೆ ಎಂಬುದೇ ಮರೆತುಹೋಗಿತ್ತು.

ಮಧ್ಯದಲ್ಲೊಂದು ದಿನ ಕೇಂದ್ರಕ್ಕೆ ಬರುವಂತೆ ಕರೆ ಬಂತು, ಮೂವರೂ ಹೋದರು. ಡಾಕ್ಟರ್ ವೈಜಯಂತಿ ಕಟ್ಟಿ ಎಂಬ, ನರೆತ ಕೂದಲಿನ ಹೆಂಗಸು ಪರದೆಯ ಮೇಲೆ ಅವರ ಮನೆಯ ಸದ್ದಿನ ಗೆರೆಗಳನ್ನು ತೋರಿಸಿದರು.

"ನಿಮ್ಮ ಮನಿಗೆ ಮುಧೋಳ ತಳಿ ಬಂದದ."

ಜೊತೆಗೆ ಬಂದಿದ್ದ ಕುಬಸದರು ಕುರ್ಚಿಯಿಂದ ಅರ್ಧ ಎದ್ದರು. "ಮುಧೋಳ? ಮೇಡಂ, ಅದು ಬ್ಯಾಟಿ ನಾಯಿ! ಹೊಲದಾಗ ಮೊಲದ ಹಿಂದ ಓಡೂ ನಾಯಿ ಫ್ಲ್ಯಾಟ್‌ನ್ಯಾಗ?"

"ಎಲ್ಲಾರೂ ನಾಯಿ ಎಷ್ಟ ದೊಡ್ಡದು ಅಂತ ಕೇಳ್ತಾರ" ಎಂದರು ಡಾಕ್ಟರ್. "ಕೇಳಬೇಕಾದದ್ದು ಅದಲ್ಲ. ಮನ್ಯಾಗ ಅದಕ್ಕ ಎಷ್ಟ ಕೆಲಸಾ ಬೇಕು ಅಂತ. ಸಣ್ಣ ನಾಯಿಗಳೊಳಗ ಎಷ್ಟೋ ತಳಿ ಬಿಲದಾಗಿನ ಇಲಿ ಹಿಡೀಲಿಕ್ಕೆ ಹುಟ್ಟಿದ್ದು. ಇಡೀ ದಿನ ಏನರೆ ಕೆರೀಬೇಕು, ಬೊಗಳಬೇಕು. ಮುಧೋಳ ಹಂಗಲ್ಲ. ಮುಂಜಾನೆ ಸಂಜೀಕ ಮನಸಾರೆ ಓಡಿಸ್ರಿ, ಉಳಿದ ಹೊತ್ತು ಕಾಲು ಚಾಚಿ ಮಲಗತದ. ಬೊಗಳೂದೂ ಕಡಿಮಿ."

"ಇನಾಮದಾರ ಇದ್ದಂಗ ಅನ್ರಿ" ಎಂದಳು ಕಸ್ತೂರಿ. ಹೆಸರು ಅಲ್ಲೇ ಗಟ್ಟಿಯಾಯಿತು.

ರಾಟ್‌ವೀಲರ್ ಹೋಯಿತೆಂದು ಫಕೀರೇಶನ ಮುಖ ಇಳಿಯಿತು. ಆದರೆ ಗಾಜಿನ ಆಚೆ, ಅಮ್ಮನ ಮಗ್ಗುಲಿಗೆ ಅಂಟಿ ಮಲಗಿದ್ದ ಮರಳು ಬಣ್ಣದ ಮರಿಯನ್ನು ಕಂಡು ಅವನು ಬಾಯಿ ಮುಚ್ಚಿಕೊಂಡ. ಮೈಗಿಂತ ಕಾಲೇ ಉದ್ದ. ಮೂತಿ ಯಾರೋ ಹಿಡಿದು ಎಳೆದಂತೆ ಚೂಪು.

"ಒಂದು ಮಾತು" ಎಂದರು ಡಾಕ್ಟರ್. "ಶ್ರುತಿ ಹಿಡಿಸಿದ ಮರಿಯನ್ನ ಬ್ಯಾರೆ ಮನಿಗೆ ಕೊಡಲಿಕ್ಕೆ ಬರೂದಿಲ್ಲ. ಬೀದಿಗೆ ಬಿಡಲಿಕ್ಕೂ ಕಾಯ್ದೆ ಒಪ್ಪೂದಿಲ್ಲ. ನಾಯಿ ಸದ್ದು ಮಿತಿ ಮೀರಿದ್ರ ಕೊರಳಪಟ್ಟಿ ಕೆಂಪಾಗ್ತದ, ಅದು ನಿಮ್ಮ ಅಸೋಸಿಯೇಷನ್ ನಿಯಮ. ಮೂರು ಸಲ ಕೆಂಪಾದ್ರ ವಾಪಸ್ ಇಲ್ಲಿ ತರಬೇಕಾಗ್ತದ. ಆಮ್ಯಾಲೆ..."

"ಆಮ್ಯಾಲೆ ಏನ್ರಿ?"

"ಕಡೇ ಸೂಜಿ" ಎಂದರು ಡಾಕ್ಟರ್, ಫಕೀರೇಶನ ಕಣ್ಣು ತಪ್ಪಿಸಿ.

ಮರಿ ಬರುವ ಹಿಂದಿನ ದಿನ ಕುಬಸದರು ಬಾಗಿಲಿಗೇ ಬಂದು ನೆನಪಿಸಿದರು. "ನೋಡಪಾ ಫಕೀರೇಶ, ನಿಮ್ಮ ಓಣಿ ಪದ್ಧತಿ ಇಲ್ಲಿ ನಡೆಯೂದಿಲ್ಲ. ಶಾಂತ ಇಟ್ಟುಕೊಂಡ್ರ ನಾಯಿ ಉಳೀತದ."

'ಓಣಿ ಪದ್ಧತಿ' ಎಂಬ ಎರಡು ಪದ ಫಕೀರೇಶನ ಎದೆಯಲ್ಲಿ ಮೊಳೆಯಂತೆ ನಾಟಿದವು. ತೋರಿಸುತ್ತೇನೆ ಇವರಿಗೆ, ಎಂದುಕೊಂಡ. ಇಡೀ ಟವರಿನಲ್ಲಿ ನಮ್ಮ ಮನೆಯಷ್ಟು ಶಾಂತವಾದದ್ದು ಇನ್ನೊಂದು ಇರಬಾರದು. ಕುರ್ಚಿಗಳ ಕಾಲಿಗೆ ಬಟ್ಟೆ ಸುತ್ತಿದ. ಮಿಕ್ಸರನ್ನು ಅಟ್ಟಕ್ಕೆ ಹಾಕಿದ. ಕುಕ್ಕರ್ ಒಳಗೆ ಸೇರಿತು, ಅನ್ನ ಪಾತ್ರೆಯಲ್ಲಿ ಬೇಯತೊಡಗಿತು. ಟಿವಿಗೆ ಬಾಯಿಲ್ಲದಂತಾಯಿತು. ಎಲ್ಲಕ್ಕಿಂತ ಕಷ್ಟದ ಮಾತು ಅವ್ವನಿಗೆ ಹೇಳಬೇಕಿತ್ತು.

"ಯವ್ವಾ, ಮರಿ ಮುಂದ ಮಾತಾಡಬ್ಯಾಡ. ಏನ ಬೇಕಾದ್ರೂ ಕೈ ಮಾಡಿ ತೋರ್ಸು."

ನೀಲವ್ವ ಅವನ ತುಟಿಯನ್ನೇ ನೋಡಿದಳು. ಅರ್ಥವಾಯಿತು. ತಲೆಯಾಡಿಸಿದಳು. ಆ ಕ್ಷಣದಿಂದ ಅವಳ ಮನೆಯಲ್ಲಿ ಅವಳ ದನಿಯೇ ಇಲ್ಲವಾಯಿತು.

ಇನಾಮದಾರ ಬಂದ. ಬುಟ್ಟಿಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟು ನಿಂತ. ಉದ್ದನೆಯ ಕತ್ತು ಎತ್ತಿ, ಕಿವಿ ನಿಮಿರಿಸಿ, ಹಾಲ್, ಅಡುಗೆಮನೆ, ಬಾಲ್ಕನಿ ಎಲ್ಲ ಕಡೆ ತಿರುಗಿಸಿದ. ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮರಿಯ ಹಿಂಗಾಲು ನಡುಗತೊಡಗಿತು. ಅದು ಸೋಫಾದ ಹಿಂದೆ ಹೋಗಿ ಸೇರಿಕೊಂಡಿತು. ಹಾಲು ಮುಟ್ಟಲಿಲ್ಲ. ಸಂಜೆ ಊಟದ ಹೊತ್ತಿಗೆ ಹೊರಗೆ ಬಂದು, ಮೂವರೂ ಮೌನವಾಗಿ ರೊಟ್ಟಿ ಅಗಿಯುತ್ತಿದ್ದುದನ್ನು ಕಂಡು, ಮೂತಿಯನ್ನು ಚಾವಣಿಯತ್ತ ಎತ್ತಿ ಊಳಿಟ್ಟಿತು. ಆ ಸಣ್ಣ ಮೈಯಲ್ಲಿ ಅಷ್ಟು ಉದ್ದದ ಅಳು ಎಲ್ಲಿತ್ತೋ! ಕೊರಳಪಟ್ಟಿ ಕೆಂಪಾಯಿತು.

"ನೀ ರೊಟ್ಟಿ ಕಟಂ ಅನಿಸಿದಿ" ಎಂದು ಫಕೀರೇಶ ತಂಗಿಗೆ ಪಿಸುಗುಟ್ಟಿದ. ಮರುದಿನದಿಂದ ಖಡಕ್ ರೊಟ್ಟಿ ಬಂದ್ ಆಯಿತು. ಮೆತ್ತನೆಯ ಚಪಾತಿ ಬಂತು.

ಮೌನ ಹೆಚ್ಚಿಸಿದಷ್ಟೂ ಊಳು ಹೆಚ್ಚಿತು. ಮುಂಜಾನೆ ಕೆಳಗೆ ಕರೆದೊಯ್ದರೆ ಮರಿ ರಸ್ತೆಯ ಹಾರ್ನುಗಳ ಮಧ್ಯೆ ಕಿವಿ ಇಳಿಬಿಟ್ಟು ಹಾಯಾಗಿ ನಡೆಯುತ್ತಿತ್ತು. ಮೇಲೆ ಬಂದು ಬಾಗಿಲು ಮುಚ್ಚಿದ ತಕ್ಷಣ ನಡುಕ. ಫಕೀರೇಶನಿಗೆ ಇದು ಕಂಡಿತ್ತು. ಆದರೆ ಮರಿಗೆ ಬಯಲು ಬೇಕು, ಅದಕ್ಕೇ ಹೀಗೆ ಎಂದು ಅವನು ಅರ್ಥ ಮಾಡಿಕೊಂಡ. ಬ್ಯಾಟಿ ನಾಯಿ ಫ್ಲ್ಯಾಟಿಗೆ ಬಾರದು ಎಂದ ಕುಬಸದನ ಮಾತೇ ನಿಜವಾಯಿತಲ್ಲ ಎಂದು ಹಲ್ಲು ಕಚ್ಚಿದ. ಪಟ್ಟಿ ಎರಡನೆಯ ಸಲ ಕೆಂಪಾಯಿತು. ಅವನು ಕೆಲಸಕ್ಕೆ ರಜೆ ಹಾಕಿ, ಮರಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಬೆನ್ನು ಸವರುತ್ತಾ, ಗಾಳಿಗೂ ಕೇಳದಷ್ಟು ಮೆಲ್ಲಗೆ "ಸುಮ್ನಿರಪಾ, ಸುಮ್ನಿರು" ಎನ್ನುತ್ತಿದ್ದ. ಕೈಕೆಳಗೆ ಪಕ್ಕೆಲುಬು ಒಂದೊಂದೂ ಸಿಗುತ್ತಿತ್ತು. ಮರಿ ಅವನ ಮುಖವನ್ನು ಮೂಸುತ್ತಿತ್ತು, ಬಾಯಿಯ ಹತ್ತಿರ ಕಿವಿ ತರುತ್ತಿತ್ತು, ಏನೋ ಸಿಗಲಿಲ್ಲವೆಂಬಂತೆ ಹಿಂದೆ ಸರಿಯುತ್ತಿತ್ತು.

ನೀಲವ್ವ ಒಂದು ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುವಾಗಲೂ ಸದ್ದು ಮಾಡಲಿಲ್ಲ. ಅಷ್ಟು ಚೆನ್ನಾಗಿ ಕಲಿತಿದ್ದಳು.

ಪಟ್ಟಿ ಮೂರನೆಯ ಸಲ ಕೆಂಪಾಯಿತು.

ಕೇಂದ್ರದ ಪರೀಕ್ಷಾ ಕೋಣೆಗೆ ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ. ಒಳಗೆ ನಿಂತರೆ ಸ್ವಂತ ಉಸಿರು ಕೇಳುವಷ್ಟು ನಿಶ್ಶಬ್ದ. ನಡುವೆ ಇನಾಮದಾರ ನಡುಗುತ್ತಾ ನಿಂತಿದ್ದ. ಅಸೋಸಿಯೇಷನ್ ಪರವಾಗಿ ಕುಬಸದರೂ ಬಂದಿದ್ದರು. ಮೇಜಿನ ಮೇಲೆ ಬಟ್ಟೆ ಮುಚ್ಚಿದ ತಟ್ಟೆಯೊಂದಿತ್ತು. ಬಟ್ಟೆಯ ಕೆಳಗೆ ಏನಿದೆ ಎಂದು ಫಕೀರೇಶ ಕೇಳಲಿಲ್ಲ.

"ಮನ್ಯಾಗ ಏನರೆ ಬದಲಾವಣಿ ಆಗ್ಯದೇನ್ರಿ?" ಎಂದು ಕೇಳಿದರು ಡಾಕ್ಟರ್ ಕಟ್ಟಿ. "ಯಾರರೆ ಊರಿಗೆ ಹೋದ್ರೋ, ಹೊಸಬರು ಬಂದ್ರೋ?"

"ಏನೂ ಇಲ್ರಿ. ಮೊದಲಿಗಿಂತ ಶಾಂತ ಐತ್ರಿ. ಒಂದು ಚಮಚಾ ಸೈತ ಬೀಳೂದಿಲ್ರಿ."

ಡಾಕ್ಟರ್ ನಿಟ್ಟುಸಿರು ಬಿಟ್ಟರು. "ಹಂಗಾರ ಶ್ರುತಿನೇ ಹತ್ತಿಲ್ಲ. ಒಮ್ಮೊಮ್ಮೆ ಹಿಂಗ ಆಗ್ತದ. ನಿಮ್ಮ ತಪ್ಪಲ್ಲ."

"ನಾ ಮೊದಲ ಹೇಳಿದ್ದೆ" ಎಂದರು ಕುಬಸದರು. "ತಳೀನ ತಪ್ಪು. ಎಲ್ಲಾ ನಾಯಿ ಎಲ್ಲಾ ಕಡೆ ಇರಾಕ ಆಗೂದಿಲ್ಲ. ಮನಷ್ಯಾರೂ ಅಷ್ಟ."

ಅಷ್ಟೇ ಸಾಕಾಯಿತು. ಇಷ್ಟು ದಿನ ನುಂಗಿದ್ದೆಲ್ಲ ಫಕೀರೇಶನ ಗಂಟಲಿಗೆ ಬಂತು.

"ಏನಂದ್ರಿ? ಇನ್ನೊಮ್ಮೆ ಅನ್ರಿ! ಎಲ್ಲಾರೂ ಎಲ್ಲಾ ಕಡೆ ಇರಾಕ ಆಗೂದಿಲ್ಲಾ? ನಿಮ್ಮ ಟವರಿನ ಕಾಂಕ್ರೀಟ್ ತಂದು ಹಾಕಿದಾಂವ ನಾನು! ನಮ್ಮ ಓಣಿ ಕೆಡವಿದ್ರಿ, ಸುಮ್ಕಿದ್ದೆ! ಸರ್ವಿಸ್ ಲಿಫ್ಟ್ ಅಂದ್ರಿ, ಸುಮ್ಕಿದ್ದೆ! ಶಾಂತ ಅಂದ್ರಿ, ನಮ್ಮವ್ವನ ಬಾಯಿ ಕಟ್ಟಿ ಕುಂದರಿಸೀನಿ! ಇನ್ನ ಏನ ಮಾಡ್ಬೇಕ್ರಿ ನಾವು? ಸತ್ತ ಹೋಗ್ಬೇಕೇನು? ಈ ಕೂಸಿಗೆ ಸೂಜಿ ಹಾಕೂದಾದ್ರ ಮೊದಲ ನನಗ ಹಾಕ್ರಿ!"

ಮೆತ್ತೆಯ ಗೋಡೆಗಳು ಆ ಕೂಗನ್ನು ನುಂಗಿದರೂ ನೀಲವ್ವನವರೆಗೆ ಒಂದಿಷ್ಟು ಮುಟ್ಟಿತು. ಎಷ್ಟೋ ದಿನದ ಮೇಲೆ ಅವಳೂ ಬಾಯಿ ತೆರೆದಳು.

"ಏ...ಏ... ಯಾಕ ಒದರ್ತಿಯೋ ದೊಡ್ಡವರ ಮುಂದ?"

"ಒದರಬ್ಯಾಡ ಅಂದ್ರ ಏನ್ ಮಾಡ್ಲಿ ಯವ್ವಾ? ಸೂಜಿ ಹಾಕ್ತಾರ!"

"ನಾ ಅವತ್ತ ಬಡ್ಕೊಂಡೆ, ಬಿಳೇದ ತರೂಣು ಅಂತ!" ಕಸ್ತೂರಿ ಅಳುತ್ತಲೇ ಚೀರಿದಳು. "ಬಿಳೇದ ತಂದಿದ್ರ ಈ ಮರಿಗೆ ಈ ಗತಿ ಬರ್ತಿತ್ತೇನು?"

"ಮತ್ತ ಬಿಳೇದು! ತೆಲಿದಿಂಬ ತಂದು ಏನ್ ಮಾಡ್ತಿದ್ದಿ?"

"ತೆಲಿದಿಂಬ ಯಾಕೋ ಈಗ?" ನೀಲವ್ವ ಕೂಗಿದಳು. "ಕೆಂಚನ್ನ ತರೋ ಅಂದೆ ನಾ, ಕೆಂಚನ್ನ!"

ಕುಬಸದರು ಕಿವಿ ಮುಚ್ಚಿಕೊಂಡರು. ಡಾಕ್ಟರ್ ಮಾತ್ರ ಇವರನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ನೆಲದ ಮೇಲಿತ್ತು.

ಇನಾಮದಾರನ ನಡುಕ ನಿಂತಿತ್ತು. ನಿಮಿರಿದ್ದ ಕಿವಿಗಳು ಮೆಲ್ಲಗೆ ಹಿಂದಕ್ಕೆ ಮಲಗಿದವು. ಅವನು ಬಾಯಿ ಅಗಲವಾಗಿ ತೆರೆದು ಆಕಳಿಸಿದ. ಒಂದು ಸುತ್ತು ತಿರುಗಿದ, ಇನ್ನೊಂದು ಸುತ್ತು ತಿರುಗಿದ, ಫಕೀರೇಶನ ಪಾದದ ಮೇಲೆ ಮೂತಿಯಿಟ್ಟು ಧೊಪ್ಪನೆ ಬಿದ್ದುಕೊಂಡು, ನಾಲ್ಕೂ ಕಾಲುಗಳನ್ನು ಉದ್ದಕ್ಕೆ ಚಾಚಿದ.

ಪಾದಕ್ಕೆ ಬಿಸಿ ತಾಗಿ ಫಕೀರೇಶ ಕೆಳಗೆ ನೋಡಿದ. ಮಾತು ನಿಂತುಹೋಯಿತು. ಕಸ್ತೂರಿಯೂ ಸುಮ್ಮನಾದಳು. ಕೋಣೆಯಲ್ಲಿ ಮತ್ತೆ ಆ ನಿಶ್ಶಬ್ದ ಬಂತು. ಮರಿ ತಟ್ಟನೆ ತಲೆಯೆತ್ತಿ ಕುಂಯ್ ಎಂದಿತು.

"ನಿಲ್ಲಿಸಬ್ಯಾಡ್ರಿ!" ಡಾಕ್ಟರ್ ಕೂಗಿದರು. "ಜಗಳಾ ನಿಲ್ಲಿಸಬ್ಯಾಡ್ರಿ! ಆಡ್ರಿ, ಆಡ್ರಿ!"

ಹೀಗೆ ಆಜ್ಞೆ ಮಾಡಿದರೆ ಯಾರಿಗೆ ಜಗಳ ಬರುತ್ತದೆ? ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. "ನೀ... ನೀ ಛಲೋ ಇಲ್ಲ ನೋಡು" ಎಂದ ಫಕೀರೇಶ, ಪೆದ್ದನಂತೆ. ಡಾಕ್ಟರ್ ಆಗಲೇ ಗೋಡೆಯ ಬಳಿ ಓಡಿ ಯಾವುದೋ ಗುಂಡಿ ಒತ್ತಿದ್ದರು.

ಕೋಣೆ ತುಂಬ ದನಿಗಳು ಎದ್ದವು. ಪದಗಳಿಲ್ಲ, ಬರೀ ಏರಿಳಿತ. ಒಂದು ದನಿ ಸುತ್ತಿಗೆಯಂತೆ ಬಡಿಯುತ್ತಿತ್ತು. ಅದರ ಮೇಲೊಂದು ಕಿಲಕಿಲ ನಗು ಹಾರುತ್ತಿತ್ತು. ದೂರದಿಂದ ಇನ್ನೊಂದು ದನಿ ಬಂದು ಎರಡರ ನಡುವೆ ತೂರಿಕೊಳ್ಳುತ್ತಿತ್ತು. ಹಿಂದೆ ಮಿಕ್ಸರಿನ ಗುರ್ರ್, ಕುಕ್ಕರಿನ ಸೀಟಿ. ಕೊನೆಗೆ ಎಲ್ಲವನ್ನೂ ಮುಚ್ಚುವ ಹಾಗೆ, ಹಿಗ್ಗಿ ಹಿಗ್ಗಿ ಬರುವ ಒಂದು ಉದ್ದ "ಏ...ಏ..."

ಮೊದಲು ಗುರುತು ಹಿಡಿದವಳು ಕಸ್ತೂರಿ. "ಅಯ್ಯ ನಮ್ಮವ್ವಾ! ಇದು ನಾವ! ಎಂಥಾ ನಾಯಿ ಅಂತ ಆಡಿದ್ದ ಜಗಳ!"

"ಇದನ್ನ ನಾವು ಇವಂಗ ಕಿವಿ ತೆರದಾಗಿಂದ ದಿನಾ ಕೇಳಿಸೇವಿ" ಎಂದರು ಡಾಕ್ಟರ್. "ಯಾವ ತಳಿ ತರಬೇಕು ಅಂತ ನೀವು ಜಗಳಾಡಿದ್ದೇ ಇವನ ಜೋಗುಳ. ಇವಂಗ ಮನಿ ಅಂದ್ರ ಇದು. ಅದನ್ನ ಬಿಟ್ಟು ನೀವು ಪಿಸುಮಾತಿನ ಮನಿಗೆ ಕರಕೊಂಡು ಹೋಗೀರಿ. ಇವಾ ತನ್ನ ಮಂದೀನ ಕೂಗಿ ಕರೀಲಿಕತ್ತಿದ್ದ. ಊಳಿಟ್ಟಷ್ಟೂ ನೀವು ಇನ್ನಷ್ಟು ಮಾಯ ಆದ್ರಿ. ನಾನೂ ಇವನ್ನ ಇಂಥಾ ಮೌನದ ಕೋಣ್ಯಾಗ ನಿಲ್ಲಿಸಿ ಪರೀಕ್ಷಾ ಮಾಡಲಿಕತ್ತೀನಿ ನೋಡ್ರಿ, ಎಂಥಾ ಶಾಣ್ಯಾಕಿ!"

ಅವರು ಮೇಜಿನ ಮೇಲಿನ ತಟ್ಟೆಯನ್ನು ಬಟ್ಟೆ ಸಮೇತ ಎತ್ತಿ ಕಪಾಟಿನೊಳಗೆ ತಳ್ಳಿ ಬಾಗಿಲು ಹಾಕಿದರು. ಆ ಬಾಗಿಲಿನ ಸದ್ದು ಕೇಳಿದ ಮೇಲೆ ಫಕೀರೇಶ ನೆಲದ ಮೇಲೆ ಕೂತುಬಿಟ್ಟ. ಇನಾಮದಾರ ಗೊರಕೆ ಹೊಡೆಯುತ್ತಿದ್ದ. ನೀಲವ್ವನಿಗೆ ನಡೆದದ್ದನ್ನು ಕಸ್ತೂರಿ ಕಿವಿಯಲ್ಲಿ ಕೂಗಿ ಹೇಳಿದಳು. ನೀಲವ್ವ ಪೂರ್ತಿ ಕೇಳಿಸಿಕೊಂಡು, ಮಗನ ಬೆನ್ನಿಗೊಂದು ಗುದ್ದಿದಳು.

"ಸುಮ್ಮಸುಮ್ಮನ ನನ್ನ ಬಾಯಿ ಕಟ್ಟಿದೆಲ್ಲೋ ಮೂಳಾ!"

ಅಂದು ಸಂಜೆ ಮಿಕ್ಸರ್ ಅಟ್ಟದಿಂದ ಇಳಿಯಿತು. ಖಡಕ್ ರೊಟ್ಟಿ ಕಟಂ ಎಂದಿತು. ಕುಕ್ಕರ್ ಮೊದಲ ಸೀಟಿ ಹಾಕಿದಾಗ ಇನಾಮದಾರ ಬಟ್ಟಲಿನಿಂದ ತಲೆಯೆತ್ತಿ, ಹಳೆಯ ಗೆಳೆಯನನ್ನು ಕಂಡವನಂತೆ ಬಾಲ ಅಲ್ಲಾಡಿಸಿ, ಮತ್ತೆ ಹಾಲಿಗೆ ಬಾಯಿ ಹಾಕಿದ. ಕೊರಳಪಟ್ಟಿ ಹಸಿರಾಗಿತ್ತು. ಅದು ಮತ್ತೆ ಕೆಂಪಾಗಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅವನು ಕೆಲಸವನ್ನೂ ಕಲಿತ. ಬಾಗಿಲ ಗಂಟೆ ಆದರೆ ಎದ್ದು ಹೋಗಿ ನೀಲವ್ವನ ಅಂಗೈಗೆ ತಣ್ಣನೆಯ ಮೂತಿ ಒತ್ತುತ್ತಿದ್ದ. ಕೆಲಸ ಮುಗಿದ ಮೇಲೆ ಹೋಗಿ ಕಾಲು ಚಾಚುತ್ತಿದ್ದ. ಮತ್ತೊಮ್ಮೆ ಬೆಂಕಿಯ ತಾಲೀಮು ನಡೆದಾಗ ನೀಲವ್ವನ ಸೆರಗು ಹಿಡಿದೆಳೆದು ಎಲ್ಲರಿಗಿಂತ ಮೊದಲು ಮೆಟ್ಟಿಲಿಗೆ ತಂದು ನಿಲ್ಲಿಸಿದ.

ಒಂದು ಭಾನುವಾರ ಸಂಜೆ ಅವನೇ ಅವಳನ್ನು ಬಾಗಿಲಿಗೆ ಕರೆತಂದ. ಹೊರಗೆ ಕುಬಸದರು ನಿಂತಿದ್ದರು.

"ನೋಡ್ರಿ, ನಿಮ್ಮ ಮನಿ ಗದ್ದಲಾ..."

"ಏನಂದ್ರೀ?"

"ಗದ್ದಲಾ ಅಂದೆ! ಕಡಿಮಿ ಮಾಡ್ರಿ ಅಂದೆ!"

"ಕೇಳವಲ್ದು, ಜೋರ ಹೇಳ್ರಿ!"

"ಗದ್ದಲಾ! ಗದ್ದಲಾ ಭಾಳ ಆಗಾಕತ್ತೈತಿ!" ಕುಬಸದರ ಕುತ್ತಿಗೆಯ ನರ ಉಬ್ಬಿತು. ಕಾರಿಡಾರಿನ ಆಚೀಚೆ ಎರಡು ಬಾಗಿಲು ತೆರೆದು ಇಣುಕಿದವು.

ಫಕೀರೇಶ ಒಳಗಿನಿಂದ ಎದ್ದು ಬಂದ. ಮೊದಲಾಗಿದ್ದರೆ ಮುಷ್ಟಿ ಬಿಗಿಯುತ್ತಿತ್ತು. ಈಗ ಅವನು ಇನಾಮದಾರನ ಕೊರಳಿನ ಕಡೆ ಬೆರಳು ತೋರಿಸಿದ. "ಸಾಹೇಬ್ರ, ಪಟ್ಟಿ ನೋಡ್ರಿ, ಹಸರ ಐತಿ. ನಿಯಮ ನಾಯಿ ಸದ್ದಿಗೆ ಐತ್ರಿ, ಮಂದಿ ಸದ್ದಿಗೆ ಇಲ್ಲ. ನೀವ ಬರಸಿದ್ದು."

ಕುಬಸದರು ಬಗ್ಗಿ ಪಟ್ಟಿ ನೋಡಿದರು. ಅವರ ಕಾಲ ಬಳಿ, ಹೊಸ್ತಿಲಿನ ಮೇಲೆಯೇ, ಇನಾಮದಾರ ಒಂದು ಸುತ್ತು ತಿರುಗಿ ಮಲಗಿಬಿಟ್ಟಿದ್ದ. ಉದ್ದ ಕಾಲುಗಳು ಸಾಹೇಬರ ಬೂಟಿನವರೆಗೂ ಚಾಚಿದ್ದವು.

ನೀಲವ್ವನ ಮುಖ ಅರಳಿತು. "ಅಯ್ಯ, ನಿಮ್ಮ ದನಿ ಅವಂಗ ಸೇರೇತ್ರಿ! ಒಳಗ ಬರ್ರಿ, ಚಾ ಕುಡೀರಿ, ಕುಂತ ಬೈಯ್ಯೀರಂತ!"

ಸಾಹೇಬರು ಎಚ್ಚರದಿಂದ ನಾಯಿಯನ್ನು ದಾಟಿ ಒಳಗೆ ಬಂದರು. ಒಳಗೆ ಮಿಕ್ಸರ್ ತಿರುಗುತ್ತಿತ್ತು. ಹೊಸ್ತಿಲಿನ ಮೇಲೆ ಮರಳು ಬಣ್ಣದ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಪಕ್ಕೆಲುಬು ಈಗ ಕೈಗೆ ಸಿಗುತ್ತಿರಲಿಲ್ಲ. ಫಕೀರೇಶ ಬಾಗಿಲು ಹಾಕಲಿಲ್ಲ, ಮಲಗಿದವನು ಮಲಗಿರಲಿ ಎಂದು ತೆರೆದೇ ಇಟ್ಟ.